ಹಿಂಬದಿ ಚಕ್ರದ ಮಸಲ್ ಕಾರಿಗೆ ನಾಲ್ಕೂ ಚಕ್ರದ ಎಳೆತ: ಫಾಕ್ಸ್‌ಬಾಡಿ ಮಸ್ಟ್ಯಾಂಗ್‌ಗೆ ಎಕ್ಸ್‌ಪ್ಲೋರರ್‌ನ ಹೊಟ್ಟೆ ಹೊಂದುತ್ತಾ?

ಐದು_ಲೀಟರ್:
ಎಲ್ಲರಿಗೂ ನಮಸ್ಕಾರ. ನನ್ನದು 1988ರ ಫೋರ್ಡ್ ಮಸ್ಟ್ಯಾಂಗ್ ಜಿಟಿ, ಫಾಕ್ಸ್‌ಬಾಡಿ ಅಂತ ಕರೆಯೋ ತಲೆಮಾರಿನದು. 5.0 ಲೀಟರ್ ವಿ8, ಐದು ಗೇರಿನ ಟಿ5 ಗೇರ್‌ಬಾಕ್ಸ್, ಎಂಜಿನ್ ಇನ್ನೂ ಬಿಚ್ಚಿಲ್ಲ. ಒಣ ರಸ್ತೆಯಲ್ಲಿ ಚಿನ್ನ. ಮಳೆ ಬಂದರೆ ಬಾಲ ಎಲ್ಲಿಗೆ ಹೋಗುತ್ತೋ ಅದಕ್ಕೇ ಗೊತ್ತಿಲ್ಲ. ಹಿಮ ಬಿದ್ದರೆ ಶೆಡ್ಡಿನಿಂದ ಆಚೆ ತೆಗೆಯೋದೇ ಇಲ್ಲ.

ತಲೆಯಲ್ಲಿ ಒಂದು ಹುಳ ಹೊಕ್ಕಿದೆ. 1996ರಿಂದ 2001ರವರೆಗೆ ಫೋರ್ಡ್ ಎಕ್ಸ್‌ಪ್ಲೋರರ್‌ನಲ್ಲಿ ಇದೇ 5.0 ವಿ8 ಇತ್ತು, ಜೊತೆಗೆ ಆಲ್‌ವೀಲ್ ಡ್ರೈವ್ ಕೂಡ. ಎಂಜಿನ್ ಬ್ಲಾಕ್ ಒಂದೇ ವಂಶ. ಹಿಂದಿನ ಆಕ್ಸಲ್ ಎರಡರಲ್ಲೂ ಫೋರ್ಡ್‌ನ 8.8 ಇಂಚಿನದು. ಹಾಗಿದ್ದ ಮೇಲೆ ಎಕ್ಸ್‌ಪ್ಲೋರರ್‌ನ ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್ (ಶಕ್ತಿಯನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಪೆಟ್ಟಿಗೆ), ಮುಂದಿನ ಡಿಫರೆನ್ಷಿಯಲ್ (ಅದನ್ನು ಎಡ ಬಲ ಚಕ್ರಗಳಿಗೆ ಹಂಚುವುದು) ಎತ್ತಿ ಇದಕ್ಕೆ ಕೂರಿಸಿದರೆ ಆಗಲ್ವಾ? ಕಾಗದದ ಮೇಲಂತೂ ಬೀಗರ ಮನೆ ಸಂಬಂಧದಷ್ಟು ಸಲೀಸಾಗಿ ಕಾಣ್ತಿದೆ. ಮಾಡಿದವರು ಇದ್ದರೆ ದಾರಿ ತೋರಿಸಿ.

ಕಾಲು_ಮೈಲಿ:
ಮಾರಿ ಒಂದು ಸುಬಾರು ತಗೊಳ್ಳಿ, ನಾಲ್ಕೂ ಚಕ್ರದ ಎಳೆತ ಕಂಪನಿಯಿಂದಲೇ ಬರುತ್ತೆ. ಮುಗೀತು.

ಐದು_ಲೀಟರ್:
ಈ ಉತ್ತರ ಬರುತ್ತೆ ಅಂತ ಗೊತ್ತಿತ್ತು, ಇಷ್ಟು ಬೇಗ ಬರುತ್ತೆ ಅಂದುಕೊಂಡಿರಲಿಲ್ಲ.

ಸಂಪ್‌ಸ್ವಾಮಿ:
ಮಾಡಿದವರು ಅಂತ ಕೇಳಿದ್ರಲ್ಲ, ಮಾಡಿದವನು ನಾನು. ಮಸ್ಟ್ಯಾಂಗ್‌ಗಲ್ಲ, ಎರಡನೇ ತಲೆಮಾರಿನ ಕಮಾರೋಗೆ. ಎರಡು ವರ್ಷ ಹಿಡೀತು.

ಟ್ರಾನ್ಸ್‌ಫರ್ ಕೇಸ್ ಬಗ್ಗೆ ಯೋಚನೆ ಮಾಡಬೇಡಿ. ಹೊಸಬರೆಲ್ಲ ಅಲ್ಲೇ ಶುರು ಮಾಡ್ತಾರೆ. ಅದು ಸುಲಭದ ಭಾಗ. ಟನೆಲ್ (ಸೀಟುಗಳ ನಡುವೆ ನೆಲದಲ್ಲಿರುವ ಉಬ್ಬು) ಕತ್ತರಿಸಿ ಅಗಲ ಮಾಡಿ, ಒಂದು ಕ್ರಾಸ್‌ಮೆಂಬರ್ (ಅಡ್ಡ ತೊಲೆ) ಬೆಸುಗೆ ಹಾಕಿದರೆ ಕೂರುತ್ತೆ. ಜಗಳ ಇರೋದು ಎಂಜಿನ್ ಹೊಟ್ಟೆಯ ಕೆಳಗೆ. ಮುಂದಿನ ಬಲ ಚಕ್ರದಿಂದ ಎಡ ಚಕ್ರಕ್ಕೆ ಒಂದು ನೇರ ಗೆರೆ ಎಳೆಯಿರಿ. ಆ ಗೆರೆಯಲ್ಲಿ ಏನೇನಿದೆ? ಆಯಿಲ್ ಪ್ಯಾನ್ (ಎಂಜಿನ್ ತಳದ ಎಣ್ಣೆ ಬಟ್ಟಲು, ಸಂಪ್ ಅಂತಲೂ ಅಂತಾರೆ), ಕ್ರಾಸ್‌ಮೆಂಬರ್, ಸ್ಪ್ರಿಂಗು. ಹಿಂಬದಿ ಚಕ್ರದ ಕಾರು ಮಾಡುವವನಿಗೆ ಆ ಜಾಗ ಖಾಲಿ ಬಿಡಬೇಕು ಅನ್ನೋ ಹಂಗೇ ಇರಲಿಲ್ಲ, ಹಾಗಾಗಿ ಸಿಕ್ಕಿದ್ದನ್ನೆಲ್ಲ ಅಲ್ಲೇ ತುಂಬಿದ.

ಕಂಪನಿಗಳೇ ಇದನ್ನು ಹೇಗೆ ಬಿಡಿಸಿಕೊಂಡವು ನೋಡಿ. ಬಿಎಂಡಬ್ಲ್ಯುನ ಇ30 325ಐಎಕ್ಸ್‌ನಲ್ಲಿ ಮುಂದಿನ ಆಕ್ಸಲ್ ಶಾಫ್ಟು ಆಯಿಲ್ ಪ್ಯಾನಿನ ಮಧ್ಯದಿಂದಲೇ ತೂರಿ ಹೋಗುತ್ತೆ. ನಿಸಾನ್ ಸ್ಕೈಲೈನ್ ಜಿಟಿ-ಆರ್ ಆರ್32ನಲ್ಲಿ ಮುಂದಿನ ಡಿಫರೆನ್ಷಿಯಲ್ಲನ್ನೇ ಸಂಪಿಗೆ ಸೇರಿಸಿ ಎರಕ ಹೊಯ್ದರು. 2006-09ರ ಷೆವ್ರೊಲೆ ಟ್ರೇಲ್‌ಬ್ಲೇಜರ್ ಎಸ್‌ಎಸ್, 6.0 ಲೀಟರ್ ಎಲ್‌ಎಸ್2 ಎಂಜಿನ್, ಅದರಲ್ಲೂ ಇದೇ ಉಪಾಯ: ಡಿಫರೆನ್ಷಿಯಲ್ ಪ್ಯಾನಿನ ಪಕ್ಕೆಗೆ ಬೋಲ್ಟ್, ಶಾಫ್ಟು ಪ್ಯಾನಿನ ಒಳಗಿನ ಕೊಳವೆಯಲ್ಲಿ. ನಾನು ಬಳಸಿದ್ದು ಅದೇ ಪ್ಯಾನು. ಎಲ್‌ಎಸ್ ಎಂಜಿನ್ ಇರುವವರಿಗೆ ಅದೊಂದು ವರ. ನಿಮ್ಮ 5.0ಗೆ ಆ ವರ ಇಲ್ಲ.

ಫಾಕ್ಸ್ ಮಸ್ಟ್ಯಾಂಗ್ ಕಥೆ ಇನ್ನೂ ಒಂದು ಗಂಟು ಹೆಚ್ಚು. ಅದರ ಆಯಿಲ್ ಪ್ಯಾನ್‌ಗೆ ಎರಡು ಹೊಟ್ಟೆ, ಮುಂದೊಂದು ಹಿಂದೊಂದು, ನಡುವಿನ ತಗ್ಗಿನಲ್ಲಿ ಕೇ-ಮೆಂಬರ್, ಅಂದ್ರೆ ಎಂಜಿನ್ ಹೊರುವ ಅಡ್ಡ ಚೌಕಟ್ಟು. ಮುಂದಿನ ಸಸ್ಪೆನ್ಷನ್ ನೋಡೋಕೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಚಕ್ರ ಹಿಡಿಯುವ, ಶಾಕ್ ಅಬ್ಸಾರ್ಬರ್ ಇರುವ ಕಂಬ), ಆದರೆ ಸ್ಪ್ರಿಂಗು ಸ್ಟ್ರಟ್ಟಿನ ಮೇಲಿಲ್ಲ. ಕೆಳಗಿನ ಆರ್ಮ್ ಮೇಲೆ, ಒಳಗಡೆ ಕೂತಿದೆ. ಸರಿಯಾಗಿ ಆಕ್ಸಲ್ ಶಾಫ್ಟು ಹೋಗಬೇಕಾದ ಕಡೆ. ಅದನ್ನು ಕಿತ್ತು ಸ್ಟ್ರಟ್ ಸುತ್ತ ಕಾಯಿಲ್‌ಓವರ್ (ಕಂಬಕ್ಕೇ ಸುತ್ತಿದ ಸ್ಪ್ರಿಂಗು) ಹಾಕದೆ ಬೇರೆ ದಾರಿ ಇಲ್ಲ.

ತಮಾಷೆ ಅಂದ್ರೆ 1965ರ ಹಳೇ ಮಸ್ಟ್ಯಾಂಗ್‌ನಲ್ಲಿ ಸ್ಪ್ರಿಂಗು ಮೇಲಿನ ಆರ್ಮ್ ಮೇಲಿದೆ. ಕೆಳಗೆ ಜಾಗ ಖಾಲಿ. ಈ ಒಂದು ವಿಷಯದಲ್ಲಿ ಮುತ್ತಜ್ಜ ಮೊಮ್ಮಗನಿಗಿಂತ ಸಲೀಸು.

ಮೂರನೇ_ಗೇರು:
ರ‍್ಯಾಲಿ ಚಾಲಕ ಕೆನ್ ಬ್ಲಾಕ್‌ನ ಹೂನಿಕಾರ್ನ್ ಕಾರು ಕೂಡ 65ರ ಮಸ್ಟ್ಯಾಂಗೇ ತಾನೆ? 2014ರಲ್ಲಿ ಬಂದಿದ್ದು. 845 ಅಶ್ವಶಕ್ತಿ, ನಾಲ್ಕೂ ಚಕ್ರದಲ್ಲಿ ಹೊಗೆ. ಅದನ್ನು ನೋಡಿಯೇ ನನಗೂ ಈ ಹುಚ್ಚು ಹಿಡಿದದ್ದು.

ಸಂಪ್‌ಸ್ವಾಮಿ:
ಅದು ಮಸ್ಟ್ಯಾಂಗ್ ಚರ್ಮ ಹೊದ್ದ ರೇಸ್ ಕಾರು, ಮಾರಾಯ್ರೆ. ಒಳಗಡೆ ಪೈಪಿನ ಚೌಕಟ್ಟು, ಸಡೇವ್ ರೇಸಿಂಗ್ ಗೇರ್‌ಬಾಕ್ಸ್. ಅದನ್ನು ನೋಡಿ ಮನೆಯ ಶೆಡ್ಡಿನಲ್ಲಿ ಶುರು ಮಾಡೋದು ಅಂದ್ರೆ ಸರ್ಕಸ್ ನೋಡಿ ಬಂದು ಅಟ್ಟದಿಂದ ಜೋಕಾಲಿ ಕಟ್ಟಿದ ಹಾಗೆ.

ಲೆಕ್ಕದ_ಮೇಷ್ಟ್ರು:
ಮೊದಲು ಬೇಕೋ ಬೇಡವೋ ಅನ್ನೋದನ್ನು ಲೆಕ್ಕ ಹಾಕೋಣ. ಐದು_ಲೀಟರ್ ಅವರ ಕಾರಿನ ವೀಲ್‌ಬೇಸ್ 2,553 ಮಿ.ಮೀ. ನಿಂತಾಗ ಹಿಂದಿನ ಚಕ್ರಗಳ ಮೇಲೆ ಶೇ 42ರಷ್ಟು ಭಾರ ಅಂತ ಹಿಡಿಯೋಣ, ಮೂಗು ಭಾರದ ಕಾರು. ಗುರುತ್ವ ಕೇಂದ್ರದ ಎತ್ತರ ವೀಲ್‌ಬೇಸಿನ 0.21 ಪಾಲು ಅಂದುಕೊಳ್ಳಿ. ಅಂದ್ರೆ ಒಂದು ಜಿ (ಗುರುತ್ವದಷ್ಟೇ) ವೇಗವರ್ಧನೆಗೆ ಶೇ 21ರಷ್ಟು ಭಾರ ಮುಂದಿನಿಂದ ಹಿಂದಕ್ಕೆ ಸರಿಯುತ್ತೆ.

ಹಿಂದಿನ ಚಕ್ರ ಮಾತ್ರ ಎಳೆದಾಗ ಸಿಗುವ ಗರಿಷ್ಠ ವೇಗವರ್ಧನೆ:
ಒಳ್ಳೆ ಒಣ ರಸ್ತೆ, ಘರ್ಷಣಾಂಕ 1.0 ಇದ್ದರೆ 0.53 ಜಿ.
ಒದ್ದೆ ರಸ್ತೆ, 0.5 ಇದ್ದರೆ 0.235 ಜಿ.
ತುಳಿದ ಹಿಮ, 0.2 ಇದ್ದರೆ 0.088 ಜಿ.

ನಾಲ್ಕೂ ಚಕ್ರ ಸರಿಯಾದ ಪಾಲಿನಲ್ಲಿ ಎಳೆದರೆ ಕ್ರಮವಾಗಿ 1.0, 0.5, 0.2. ಎಲ್ಲ ಕಡೆ ಹತ್ತಿರ ಹತ್ತಿರ ಎರಡರಷ್ಟು.

ಈಗ ಎಂಜಿನ್ ಕಡೆ. ಈ ಕಾರಿನ ಟಾರ್ಕ್ (ತಿರುಗಿಸುವ ಬಲ) ಸುಮಾರು 407 ನ್ಯೂಟನ್ ಮೀಟರ್. ಟಿ5ನ ಮೊದಲ ಗೇರಿನ ಅನುಪಾತ 3.35. ಹಿಂದಿನ ಡಿಫರೆನ್ಷಿಯಲ್‌ದು 3.27 ಇದ್ದರೆ, ದಾರಿಯಲ್ಲಿ ಶೇ 15 ಸೋರಿದರೂ ಚಕ್ರದಲ್ಲಿ 0.8 ಜಿಗೆ ಸಾಕಾಗುವ ತಳ್ಳು ಉಳಿಯುತ್ತೆ. ರಸ್ತೆ ತಗೊಳ್ಳೋದು 0.53. ಉಳಿದದ್ದು ಹೊಗೆ. ಅಂದ್ರೆ ಏನೂ ಮಾಡದ ಸ್ಟಾಕ್ ಕಾರಿನಲ್ಲೇ, ಒಣ ರಸ್ತೆಯಲ್ಲೇ, ಮೊದಲ ಗೇರಿನ ಮೂರನೇ ಒಂದು ಪಾಲು ವ್ಯರ್ಥ.

ಹಿಮದಲ್ಲಿ 0.088 ಅಂದ್ರೆ ಏನು ಗೊತ್ತಾ? ನೂರು ಮೀಟರಿಗೆ ಹತ್ತು ಮೀಟರ್ ಏರುವ ರಸ್ತೆ ಹತ್ತೋಕೆ 0.1 ಬೇಕು. ಹತ್ತಲ್ಲ.

ಇನ್ನೊಂದು ಚೆಂದದ ವಿಷಯ. 1.0 ಜಿನಲ್ಲಿ ಹೊರಟಾಗ ಹಿಂದಿನ ಚಕ್ರಗಳ ಮೇಲಿನ ಭಾರ 42+21, ಅಂದ್ರೆ 63. ಮುಂದೆ 37. ಎಳೆತವನ್ನೂ ಅದೇ ಪಾಲಿನಲ್ಲಿ ಹಂಚಿದರೆ ನಾಲ್ಕೂ ಟಯರು ಒಟ್ಟಿಗೆ ಮಿತಿ ಮುಟ್ಟುತ್ತವೆ. 1966ರ ಜೆನ್ಸನ್ ಎಫ್‌ಎಫ್‌ನಲ್ಲಿ ಫರ್ಗ್ಯುಸನ್ ಕಂಪನಿಯವರು ಇಟ್ಟ ಹಂಚಿಕೆ ಮುಂದೆ 37, ಹಿಂದೆ 63! 1991ರ ಜಿಎಂಸಿ ಸೈಕ್ಲೋನ್‌ನಲ್ಲಿ 35-65. ಎಕ್ಸ್‌ಪ್ಲೋರರ್‌ನ ಟ್ರಾನ್ಸ್‌ಫರ್ ಕೇಸ್ ಬೋರ್ಗ್‌ವಾರ್ನರ್ 4404ನಲ್ಲೂ 35-65. ಈ ಅಂಕಿ ಯಾರೂ ಗಾಳಿಯಿಂದ ಹಿಡಿದದ್ದಲ್ಲ.

ಐದು_ಲೀಟರ್:
ಮೇಷ್ಟ್ರೇ, ನಿಮ್ಮ ಲೆಕ್ಕ ನನ್ನ ಪಾರ್ಟಿಗೇ ಸೇರಿತು! ಎರಡರಷ್ಟು ಅಂದ್ರೆ ಇನ್ನೇನು ಬೇಕು.

ಕಾಲು_ಮೈಲಿ:
ತಾಳಿ ತಾಳಿ. ಸುಬಾರು ಅಂದಿದ್ದು ತಮಾಷೆಗೆ, ಈಗ ಗಂಭೀರವಾಗಿ ಹೇಳ್ತೀನಿ.

ನಿಮ್ಮ 88ರ ಟಿ5 ಗೇರ್‌ಬಾಕ್ಸ್‌ಗೆ ಕಂಪನಿ ಕೊಟ್ಟ ಟಾರ್ಕ್ ಮಿತಿ 265 ಪೌಂಡ್-ಅಡಿ, ಸುಮಾರು 360 ನ್ಯೂಟನ್ ಮೀಟರ್. ಎಂಜಿನ್ ಕೊಡೋದು 407. ಆದರೂ ಇಷ್ಟು ವರ್ಷ ಒಡೆಯದೆ ಬಂದಿದೆಯಲ್ಲ, ಯಾಕೆ? ಕ್ಲಚ್ ಬಿಟ್ಟಾಗ ಹಿಂದಿನ ಟಯರು ಜಾರುತ್ತೆ, ಅದಕ್ಕೆ. ಟಯರು ಅನ್ನೋದು ಫ್ಯೂಸು. ಮಿತಿ ಮೀರಿದ್ದನ್ನು ಹೊಗೆ ಮಾಡಿ ಬಿಟ್ಟುಬಿಡುತ್ತೆ. ನಾಲ್ಕೂ ಚಕ್ರ ರಸ್ತೆಯನ್ನು ಹಿಡಿದ ದಿನ ಆ ಫ್ಯೂಸು ಹೋಯ್ತು. ಮುಂದಿನ ಸಲ ಜಾರಬೇಕಾದ್ದು ಏನು? ಕ್ಲಚ್ಚೋ, ಮೂರನೇ ಗೇರಿನ ಹಲ್ಲೋ, ಮುಂದಿನ ಶಾಫ್ಟಿನ ಸಿವಿ ಜಾಯಿಂಟ್ ಅನ್ನೋ ಕೀಲೋ. ದುರ್ಬಲ ಯಾವುದೋ ಅದು. ಡ್ರ್ಯಾಗ್ ರೇಸಿನ ನೇರ ಪಟ್ಟಿಯಲ್ಲಿ ಅಂಟು ಟಯರು ಹಾಕಿದ ಮೊದಲ ವಾರವೇ ನಾನು ಟಿ5 ಕೈಯಲ್ಲಿ ಹಿಡಿದು ಮನೆಗೆ ಬಂದವನು. ಎರಡೇ ಚಕ್ರದಲ್ಲಿ.

ಡ್ರ್ಯಾಗ್ ರೇಸಿನಲ್ಲೇ ಅತಿ ವೇಗದ ಟಾಪ್ ಫ್ಯೂಯೆಲ್ ಕಾರುಗಳಿಗೆ ಇವತ್ತಿಗೂ ಹಿಂದಿನ ಎರಡೇ ಚಕ್ರದ ಎಳೆತ. ಅಷ್ಟು ಹಿಡಿತದಲ್ಲಿ ಮುಂದಿನ ಚಕ್ರದ ಮೇಲೆ ಭಾರವೇ ಉಳಿಯಲ್ಲ, ಅಲ್ಲಿಗೆ ಶಕ್ತಿ ಕಳಿಸಿ ಏನು ಪ್ರಯೋಜನ. ಡ್ರ್ಯಾಗಿಗೆ ಅಂತ ಮಾಡೋದಾದರೆ ಈ ದುಡಿಮೆ ಹಿಂದಿನ ಸಸ್ಪೆನ್ಷನ್ ಮೇಲೆ ಹಾಕಿ.

ಲೆಕ್ಕದ_ಮೇಷ್ಟ್ರು:
ಫ್ಯೂಸಿನ ಮಾತು ಒಪ್ಪಿದೆ. ನಾನು ಬರೆಯಬೇಕಿತ್ತು, ಬಿಟ್ಟುಹೋಯ್ತು.

ಐದು_ಲೀಟರ್:
ಡ್ರ್ಯಾಗಿಗಲ್ಲ. ವರ್ಷಪೂರ್ತಿ ಓಡಿಸೋಕೆ. ಗೇರ್‌ಬಾಕ್ಸ್ ಹೇಗೂ ಬದಲಾಗುತ್ತಲ್ಲ? ಎಕ್ಸ್‌ಪ್ಲೋರರ್‌ನ 4ಆರ್70ಡಬ್ಲ್ಯು ಆಟೊಮ್ಯಾಟಿಕ್ ಜೊತೆಗೇ ಬರುತ್ತೆ. ಮ್ಯಾನ್ಯುವಲ್ ಬಿಡೋಕೆ ಮಾತ್ರ ಮನಸ್ಸಿಲ್ಲ.

ಸಂಪ್‌ಸ್ವಾಮಿ:
ಮ್ಯಾನ್ಯುವಲ್ ಉಳಿಸಿಕೊಳ್ಳಬೇಕಂದ್ರೆ ಡೈವೋರ್ಸ್ಡ್ ಟ್ರಾನ್ಸ್‌ಫರ್ ಕೇಸ್. ಹೆಸರು ಹಾಗೇ ಇದೆ, ನಗಬೇಡಿ. ಗೇರ್‌ಬಾಕ್ಸಿಗೆ ಅಂಟದೆ ದೂರ ಕೂರುತ್ತೆ, ನಡುವೆ ಒಂದು ಗಿಡ್ಡ ಶಾಫ್ಟು. ಗಿಡ್ಡ ಶಾಫ್ಟಿನ ಕೋನ ಸ್ವಲ್ಪ ತಪ್ಪಿದರೂ ಕಾರೆಲ್ಲ ಗುಂಯ್‌ಗುಟ್ಟುತ್ತೆ, ಮತ್ತೆ ಇಡೀ ಗುಂಪು ಹಿಂದೆ ಸರಿದು ಹಿಂದಿನ ಪ್ರೊಪೆಲ್ಲರ್ ಶಾಫ್ಟು ಮೊಳಕ್ಕೆ ಇಳಿಯುತ್ತೆ. ನಿಮ್ಮ ವೀಲ್‌ಬೇಸ್ ಗಿಡ್ಡ. ಆಟೊಮ್ಯಾಟಿಕ್ ತಗೊಳ್ಳಿ.

ನಿಮ್ಮ ಯೋಜನೆಯಲ್ಲಿ ಸರಿ ಇರುವುದನ್ನೂ ಹೇಳಬೇಕು. 4404ನ ಮುಂದಿನ ಔಟ್‌ಪುಟ್ ಎಡಗಡೆ, ಎಕ್ಸ್‌ಪ್ಲೋರರ್ ಮುಂದಿನ ಡಿಫರೆನ್ಷಿಯಲ್ ಕೂಡ ಎಡಗಡೆ. ಇದನ್ನು ನೋಡದೆ ಒಂದೊಂದು ಕಡೆಯಿಂದ ಒಂದೊಂದು ತಂದವರಿದ್ದಾರೆ. ಡಿಫರೆನ್ಷಿಯಲ್ ಬುಡಮೇಲು ಮಾಡಿ ಕೂರಿಸಿ, ಡಿ ಹಾಕಿದರೆ ಮುಂದಿನ ಚಕ್ರ ಹಿಂದಕ್ಕೆ ತಿರುಗಿದ್ದನ್ನು ಕಣ್ಣಾರೆ ನೋಡಿದೀನಿ. ಎತ್ತು ಏರಿಗೆ, ಕೋಣ ನೀರಿಗೆ.

ಹಿಂದಿನ 8.8 ಎರಡರಲ್ಲೂ ಒಂದೇ ಅಂದ್ರಿ. ಅರ್ಧ ಸತ್ಯ. ಎಕ್ಸ್‌ಪ್ಲೋರರ್‌ದು 31 ಸ್ಪ್ಲೈನ್ (ಶಾಫ್ಟಿನ ತುದಿಯ ಹಲ್ಲು), ನಿಮ್ಮದು 28. ಅದರ ಪಿನಿಯನ್ (ಪ್ರೊಪೆಲ್ಲರ್ ಶಾಫ್ಟು ಸೇರುವ ಗೇರು) ನಡುವಿಗಿಲ್ಲ, ಬಲಕ್ಕೆ ಸರಿದಿದೆ. ಚಕ್ರಕ್ಕೆ ಐದು ನಟ್ಟು, ನಿಮಗೆ ನಾಲ್ಕು. ಎಕ್ಸ್‌ಪ್ಲೋರರ್ ಮುಂದಿನ ಹಬ್ (ಚಕ್ರ ಕೂರುವ ಗುಂಬ) ಹಾಕಿದ ಮೇಲೆ ನಾಲ್ಕೂ ಕಡೆ ಐದು ನಟ್ಟು ಆಗಲೇಬೇಕು. ಮುಂದಿನ ನಕಲ್ (ಹಬ್ಬನ್ನು ಹಿಡಿದು ಸ್ಟೀರಿಂಗ್ ಜೊತೆ ತಿರುಗುವ ತುಂಡು) ಒಂದು ಬೇರೆಯೇ ಪುರಾಣ: ಎಕ್ಸ್‌ಪ್ಲೋರರ್‌ದು ಎರಡು ಆರ್ಮಿನ ಸಸ್ಪೆನ್ಷನ್ನಿನದು, ನಿಮ್ಮ ಸ್ಟ್ರಟ್ಟಿಗೆ ಅದರಲ್ಲಿ ಕೂರುವ ಜಾಗವೇ ಇಲ್ಲ. ಶಾಫ್ಟು ಹಾಯುವ ಹಬ್ಬು, ಸ್ಟ್ರಟ್ಟಿನ ಕಿವಿ, ನಿಮ್ಮ ಸ್ಟೀರಿಂಗ್ ರ‍್ಯಾಕಿನ ಎತ್ತರಕ್ಕೆ ಹೊಂದುವ ತೋಳು, ಈ ಮೂರೂ ಇರುವ ನಕಲ್ ಒಂದೋ ಹುಡುಕಬೇಕು, ಇಲ್ಲಾ ಮಾಡಿಸಬೇಕು. ಬೆಸುಗೆ ಹಾಕಿದ ನಕಲ್ ಮೇಲೆ ನೂರು ಕಿ.ಮೀ. ವೇಗದಲ್ಲಿ ಹೋಗೋ ಧೈರ್ಯ ನನಗಂತೂ ಇಲ್ಲ.

ಮೂರನೇ_ಗೇರು:
ಸ್ವಾಮಿಗಳೇ, ನಿಮ್ಮ ಕಮಾರೋದಲ್ಲಿ ಏನಾದರೂ ಸುಟ್ಟುಹೋಯ್ತಾ? ಅದನ್ನು ಹೇಳಿ. ಗೆದ್ದ ಕಥೆಗಿಂತ ಸುಟ್ಟ ಕಥೆ ಉಪಯೋಗಕ್ಕೆ ಬರುತ್ತೆ.

ಸಂಪ್‌ಸ್ವಾಮಿ:
ಸುಟ್ಟಿತು. ನನ್ನ ದಡ್ಡತನದಿಂದಲೇ.

ಟ್ರಾನ್ಸ್‌ಫರ್ ಕೇಸ್ ಷೆವ್ರೊಲೆ ಆಸ್ಟ್ರೋ ವ್ಯಾನಿನ ಬೋರ್ಗ್‌ವಾರ್ನರ್ 4472, ವಿಸ್ಕಸ್ ಕಪ್ಲಿಂಗ್ (ಮುಂದಿನ ಹಿಂದಿನ ವೇಗ ಬೇರೆಯಾದರೆ ದ್ರವದ ಮೂಲಕ ಬಿಗಿ ಹಿಡಿಯುವ ಜೋಡಣೆ) ಇರುವುದು. ಸೈಕ್ಲೋನ್‌ನಲ್ಲಿದ್ದದ್ದೂ ಅದೇ. ಮುಂದೆ ಹಿಂದೆ ಎರಡೂ ಡಿಫರೆನ್ಷಿಯಲ್ 4.10, ಹಲ್ಲು ಎಣಿಸಿ ಎಣಿಸಿ ಹೊಂದಿಸಿದ್ದೆ. ಎಲ್ಲ ಮುಗಿದ ಮೇಲೆ ಹಿಂದೆ ಅಗಲ ಟಯರು ಇಲ್ಲದಿದ್ದರೆ ಮಸಲ್ ಕಾರು ಅನ್ನಿಸಲ್ಲ ಅಂತ ಮುಂದೆ 235/60 ಆರ್15, ಹಿಂದೆ 255/60 ಆರ್15 ಹಾಕಿದೆ. ಜುಟ್ಟಿಗೆ ಮಲ್ಲಿಗೆ.

ವ್ಯಾಸ ಮುಂದೆ 663 ಮಿ.ಮೀ., ಹಿಂದೆ 687. ಅಂದ್ರೆ ಕಿಲೋಮೀಟರಿಗೆ ಮುಂದಿನ ಚಕ್ರ 480 ಸುತ್ತು, ಹಿಂದಿನದು 463. ಹದಿನೇಳು ಸುತ್ತಿನ ವ್ಯತ್ಯಾಸ. ಅದನ್ನು 4.10ರಿಂದ ಗುಣಿಸಿದರೆ ಮುಂದಿನ ಪ್ರೊಪೆಲ್ಲರ್ ಶಾಫ್ಟು ಪ್ರತಿ ಕಿಲೋಮೀಟರಿಗೂ ಸುಮಾರು 69 ಸುತ್ತು ಜಾಸ್ತಿ ತಿರುಗಬೇಕು. ನೇರ ರಸ್ತೆಯಲ್ಲಿ, ಏನೂ ಜಾರದೆ ಇದ್ದಾಗಲೂ. ವಿಸ್ಕಸ್ ಕಪ್ಲಿಂಗ್ ಒಳಗಿನ ಸಿಲಿಕೋನ್ ದ್ರವಕ್ಕೆ ಇದು ಯಾವುದೋ ಚಕ್ರ ಜಾರಿದ ಹಾಗೇ ಕಾಣುತ್ತೆ. ಬಿಸಿಯಾಗಿ ಬಿಗಿ ಹಿಡಿಯುತ್ತೆ. ಮೂರು ಗಂಟೆ ಹೆದ್ದಾರಿ ಓಡಿಸಿ ಇಳಿದಾಗ ಟನೆಲ್ ಮೇಲೆ ಕೈ ಇಡೋಕಾಗಲಿಲ್ಲ. ಆಮೇಲೆ ಯು ಟರ್ನ್ ಹೊಡೆದರೆ ಮುಂದಿನ ಟಯರು ಕುಂಟಿಕೊಂಡು ಕುಂಟಿಕೊಂಡು ಹೋಗ್ತಿತ್ತು. ಕಪ್ಲಿಂಗು ಶಾಶ್ವತವಾಗಿ ಬಿಗಿದುಕೊಂಡಿತ್ತು.

ಡಿಫರೆನ್ಷಿಯಲ್ ಹಲ್ಲು ಶೇ ಅರ್ಧ ಆಚೀಚೆ ಆದರೆ ನಡೆಯುತ್ತೆ, ನಡೆದದ್ದು ನೋಡಿದೀನಿ. ಟಯರು ಮಾತ್ರ ನಾಲ್ಕೂ ಒಂದೇ ಅಳತೆ, ಒಂದೇ ಸವೆತ. ಒಂದು ಪಂಕ್ಚರ್ ಆದರೂ ಯೋಚಿಸಬೇಕು.

ವೈರು_ಬಾಲ:
ಇದೇ ಕಾರಣಕ್ಕೆ ಹೊಸ ಮಸ್ಟ್ಯಾಂಗ್ ತಂದು ಇದನ್ನೇ ಕೇಳುವವರಿಗೂ ಒಂದು ಮಾತು. 2015ರ ನಂತರದ ಜಿಟಿ ಪರ್ಫಾಮೆನ್ಸ್ ಪ್ಯಾಕ್‌ನಲ್ಲಿ ಮುಂದೆ 255/40 ಆರ್19, ಹಿಂದೆ 275/40 ಆರ್19. ವ್ಯಾಸದಲ್ಲಿ ಶೇ 2.3 ವ್ಯತ್ಯಾಸ. ಆ ಗಾಲಿಗಳನ್ನು ಮೊದಲು ಕಳಚಿಡಿ.

ಹೊಸ ಕಾರಿನಲ್ಲಿ ಇನ್ನೊಂದು ತೊಂದರೆ ಕಣ್ಣಿಗೆ ಕಾಣಲ್ಲ. ಎಬಿಎಸ್, ಸ್ಟೆಬಿಲಿಟಿ ಕಂಟ್ರೋಲ್ ಎಲ್ಲವೂ ಕಾರಿನ ನಿಜವಾದ ವೇಗವನ್ನು ಎಳೆಯದ ಚಕ್ರಗಳಿಂದ ಅಂದಾಜು ಮಾಡುತ್ತವೆ. ಹಿಂದಿನ ಚಕ್ರ ಜಾರಿತು ಅಂತ ಗೊತ್ತಾಗೋದೇ ಮುಂದಿನದಕ್ಕೆ ಹೋಲಿಸಿ. ಮುಂದಿನದಕ್ಕೂ ಎಳೆತ ಕೊಟ್ಟ ಮೇಲೆ ನಾಲ್ಕೂ ಒಟ್ಟಿಗೆ ಜಾರಿದರೆ ಕಂಪ್ಯೂಟರಿಗೆ ಅದು ಜಾರಿಕೆಯಲ್ಲ, ವೇಗ. ತಪ್ಪು ಹೊತ್ತಲ್ಲಿ ತಪ್ಪು ಬ್ರೇಕ್ ಹಿಡಿಯುತ್ತೆ. ನಿಮ್ಮ 88ರಲ್ಲಿ ಎಬಿಎಸ್ಸೇ ಇಲ್ಲ, ಬಡವನ ಭಾಗ್ಯ.

ಮೂರನೇ_ಗೇರು:
ಎಲೆಕ್ಟ್ರಿಕ್ ಮೋಟಾರು ಮುಂದೆ ಹಾಕಿದರೆ? 2024ರ ಕಾರ್ವೆಟ್ ಇ-ರೇಯಲ್ಲಿ ಮುಂದಿನ ಚಕ್ರಕ್ಕೆ 160 ಅಶ್ವಶಕ್ತಿಯ ಮೋಟಾರು, ಹಿಂದೆ ವಿ8, ನಡುವೆ ಶಾಫ್ಟೇ ಇಲ್ಲ. ಟ್ರಾನ್ಸ್‌ಫರ್ ಕೇಸೂ ಬೇಡ, ಟನೆಲ್ಲೂ ಕತ್ತರಿಸಬೇಕಿಲ್ಲ. ಟಯರು ವ್ಯಾಸದ ರಗಳೆಯೂ ಇಲ್ಲ.

ವೈರು_ಬಾಲ:
ಕಾರ್ವೆಟ್ ಎಂಜಿನ್ ಸೀಟಿನ ಹಿಂದಿದೆ. ಮುಂದೆ ಖಾಲಿ. ಇವರ ಕಾರಿನಲ್ಲಿ ಮೋಟಾರು ಕೂರಬೇಕಾದ ಜಾಗದಲ್ಲಿ ವಿ8 ಕೂತಿದೆ. ಸುತ್ತಿ ಬಳಸಿ ಮತ್ತೆ ಅದೇ ಆಯಿಲ್ ಪ್ಯಾನಿಗೆ ಬಂದ್ವಿ.

ಸಂಪ್‌ಸ್ವಾಮಿ:
ನಾನು ಹೇಳಲಿಲ್ವಾ.

ಲೆಕ್ಕದ_ಮೇಷ್ಟ್ರು:
ನನ್ನ ಲೆಕ್ಕಕ್ಕೆ ಒಂದು ತಿದ್ದುಪಡಿ. ನಾಲ್ಕು ಚಕ್ರಕ್ಕೆ ಹಿಮದಲ್ಲಿ 0.2 ಅಂದೆನಲ್ಲ, ಅದು ಹಂಚಿಕೆ ಭಾರಕ್ಕೆ ತಕ್ಕಂತೆ ಇದ್ದರೆ. ಹಿಮದಲ್ಲಿ ಭಾರ ಹಿಂದಕ್ಕೆ ಸರಿಯೋದು ಕಡಿಮೆ, ಹಿಂದೆ ಶೇ 46 ಮಾತ್ರ. ಆದರೆ 35-65 ಹಂಚಿಕೆ ಹಿಂದಕ್ಕೇ 65 ಕಳಿಸುತ್ತೆ. ಹಿಂದಿನದು ಮೊದಲು ಜಾರುತ್ತೆ, ಆ ಕ್ಷಣಕ್ಕೆ ಕಾರಿನ ಮಿತಿ 0.138 ಜಿ. ವಿಸ್ಕಸ್ ಕಪ್ಲಿಂಗ್ ಬಿಗಿ ಹಿಡಿದ ಮೇಲೆ 0.2 ಕಡೆಗೆ ಏರುತ್ತೆ.

ಈಗ ಇನ್ನೊಂದು ಹೋಲಿಕೆ. ಕಾರು ಇದ್ದ ಹಾಗೇ ಇರಲಿ, ಹಿಂಬದಿ ಚಕ್ರವೇ ಎಳೀಲಿ. ಟಯರು ಮಾತ್ರ ಒಳ್ಳೆ ಚಳಿಗಾಲದ್ದು ಹಾಕಿ, ಘರ್ಷಣಾಂಕ 0.2ರಿಂದ 0.3 ಆಯ್ತು ಅಂದುಕೊಳ್ಳಿ. ಸಿಗೋದು 0.134.

0.138 ಮತ್ತು 0.134. ಒಂದಕ್ಕೆ ಎರಡು ವರ್ಷ, ಇನ್ನೊಂದಕ್ಕೆ ಒಂದು ಮಧ್ಯಾಹ್ನ. ಟಯರಿನ ಲಾಭ ಬ್ರೇಕ್ ಹಿಡಿದಾಗಲೂ, ತಿರುವಿನಲ್ಲೂ ಇದೆ. ಕಾರು ನಿಲ್ಲಿಸೋಕೆ ಆಲ್‌ವೀಲ್ ಡ್ರೈವ್ ಏನೂ ಸಹಾಯ ಮಾಡಲ್ಲ.

ಐದು_ಲೀಟರ್:
ಮೇಷ್ಟ್ರೇ, ಮೊದಲು ನನ್ನ ಪಾರ್ಟಿಯಲ್ಲಿದ್ರಿ.

ಕಾಲು_ಮೈಲಿ:
ಪಕ್ಷಾಂತರ.

ಮೂರನೇ_ಗೇರು:
ಲೆಕ್ಕವೇ ಎಲ್ಲ ಆಗಿದ್ದರೆ ಯಾರೂ ಏನೂ ಮಾಡ್ತಿರಲಿಲ್ಲ. 1961ರಲ್ಲಿ ಫರ್ಗ್ಯುಸನ್‌ನವರು ನಾಲ್ಕೂ ಚಕ್ರ ಎಳೆಯುವ ಪಿ99 ರೇಸ್ ಕಾರು ಮಾಡಿ, ಅದೇ ವರ್ಷ ಸ್ಟರ್ಲಿಂಗ್ ಮಾಸ್ ಅದರಲ್ಲಿ ಔಲ್ಟನ್ ಪಾರ್ಕ್ ಗೋಲ್ಡ್ ಕಪ್ ಗೆದ್ದ. ಫಾರ್ಮುಲಾ 1 ಇತಿಹಾಸದಲ್ಲಿ ನಾಲ್ಕು ಚಕ್ರದ ಎಳೆತದ ಕಾರು ಗೆದ್ದ ಒಂದೇ ರೇಸ್ ಅದು. ಜೆನ್ಸನ್ ಎಫ್‌ಎಫ್ ಮಾಡಿದ್ದು ಬರೀ 320. ಡಾಡ್ಜ್ 2017ರಲ್ಲಿ ಚಾಲೆಂಜರ್ ಜಿಟಿಗೆ ಆಲ್‌ವೀಲ್ ಡ್ರೈವ್ ಕೊಟ್ಟರೂ ವಿ6ಗೆ ಮಾತ್ರ. ಈಗ ಹೊಸ ಚಾರ್ಜರ್ ಸಿಕ್ಸ್‌ಪ್ಯಾಕ್‌ಗೆ ಹುಟ್ಟುತ್ತಲೇ ನಾಲ್ಕು ಚಕ್ರದ ಎಳೆತ ಬಂತು. ಯಾರೋ ಒಬ್ಬ ಮೊದಲು ಪ್ಯಾನಿನಲ್ಲಿ ತೂತು ಕೊರೀಬೇಕಲ್ವಾ?

ಕಾಲು_ಮೈಲಿ:
ಕೊರೆಯಲಿ. ಅವನ ಪ್ಯಾನು.

ಐದು_ಲೀಟರ್:
ಹತ್ತು ದಿನ ಆಯ್ತು, ಸುದ್ದಿ ಇದೆ.

ಸಂಪ್‌ಸ್ವಾಮಿಗಳ ಮಾತು ಕೇಳಿ ಕಾರು ಎತ್ತಿ ನಿಲ್ಲಿಸಿ, ಮುಂದಿನ ಎರಡು ಹಬ್ಬಿನ ನಡುವೆ ಒಂದು ಪ್ಲಾಸ್ಟಿಕ್ ಪೈಪು ಹಿಡಿದು ನೋಡಿದೆ. ಎರಡೂ ಕಡೆ ಸ್ಪ್ರಿಂಗಿಗೆ ಬಡಿಯುತ್ತೆ, ಅವರು ಹೇಳಿದ ಹಾಗೇ. ನಡುವೆ ಕೇ-ಮೆಂಬರ್ ಅಡ್ಡ. ಆದರೆ ಆಯಿಲ್ ಪ್ಯಾನಿನ ಕೆಳಗೆ ಪೈಪು ಸಲೀಸಾಗಿ ಹಾದುಹೋಗುತ್ತೆ, ಮೂರು ಬೆರಳಿನಷ್ಟು ಸಂದು! ಪ್ಯಾನು ಮುಟ್ಟಲೇಬೇಕಿಲ್ಲ. ಫೋಟೋ ಹಾಕಿದೀನಿ ನೋಡಿ.

ತೀರ್ಮಾನ ಹೀಗೆ. ಈ ಚಳಿಗಾಲಕ್ಕೆ ನಾಲ್ಕು ಒಂದೇ ಅಳತೆಯ ಹಿಮದ ಟಯರು, ಹಿಂದಿನ ಟ್ರಾಕ್ಷನ್-ಲಾಕ್ (ಒಂದೇ ಚಕ್ರ ಜಾರದಂತೆ ತಡೆಯುವ ಡಿಫರೆನ್ಷಿಯಲ್) ಪ್ಲೇಟು ಸವೆದಿವೆ, ಅವೂ ಹೊಸದು. ಮೇಷ್ಟ್ರ ಮರ್ಯಾದೆಗೆ. ಜೊತೆಗೇ ಮುಂದೆ ಕಾಯಿಲ್‌ಓವರ್ ಮತ್ತು ನಾಲ್ಕೂ ಕಡೆ ಐದು ನಟ್ಟಿನ ಹಬ್ಬು ಮಾಡಿಬಿಡ್ತೀನಿ, ಅವು ಹೇಗಿದ್ದರೂ ಕಾರಿಗೆ ಒಳ್ಳೆಯದೇ. ಎಕ್ಸ್‌ಪ್ಲೋರರ್ ಬಗ್ಗೆ ಮುಂದಿನ ಬೇಸಗೆಗೆ ಯೋಚನೆ. ಪ್ಯಾನು ಉಳೀತಲ್ಲ, ಅರ್ಧ ಯುದ್ಧ ಗೆದ್ದ ಹಾಗೆ.

ಸಂಪ್‌ಸ್ವಾಮಿ:
ಫೋಟೋ ನೋಡಿದೆ. ಕಾರು ಸ್ಟ್ಯಾಂಡ್ ಮೇಲಿದೆ.

ಐದು_ಲೀಟರ್:
ಹೌದು, ಕೆಳಗೆ ನುಸುಳಬೇಕಲ್ಲ.

ಸಂಪ್‌ಸ್ವಾಮಿ:
ಚಾಸಿಯನ್ನು ಎತ್ತಿ ನಿಲ್ಲಿಸಿದ್ದೀರಿ, ಚಕ್ರಗಳು ಜೋತುಬಿದ್ದಿವೆ. ಹಬ್ಬು ಎಷ್ಟು ಕೆಳಗೆ ಇಳಿದಿದೆ ನೋಡಿ. ಕಾರು ತನ್ನ ಭಾರದಲ್ಲಿ ಕೂತರೆ ಹಬ್ಬು ಮೇಲೇರುತ್ತೆ, ಜೊತೆಗೆ ನಿಮ್ಮ ಪೈಪೂ. ಆ ಮೂರು ಬೆರಳು ಎಲ್ಲಿ ಹೋಯ್ತು ಅಂತ ಆಗ ಹೇಳಿ.

ಚಕ್ರಗಳ ಕೆಳಗೆ ರ‍್ಯಾಂಪ್ ಕೊಟ್ಟು ಮತ್ತೆ ಅಳೆಯಿರಿ.

ಐದು_ಲೀಟರ್:
ಅಯ್ಯೋ.

ಐದು_ಲೀಟರ್:
ಅಳೆದೆ. ಪೈಪು ಮುಂದಿನ ಸಂಪಿನ ಹೊಟ್ಟೆಗೆ ನೇರ ತಿವಿಯುತ್ತೆ. ಅಡಿಯಿಂದ ಎರಡು ಬೆರಳು ಮೇಲೆ. ಯಾರ ಹತ್ತಿರವಾದರೂ 5.0ರ ಹಳೇ ಆಯಿಲ್ ಪ್ಯಾನ್ ಇದೆಯಾ, ತೂತು ಕೊರೆದು ಕಲಿಯೋಕೆ?